ಹತ್ತು ಹೆಜ್ಜೆಗೆ ನಿಲ್ಲುವ ಕುದುರೆ

ಆರು ಭಾನುವಾರಗಳ ಕುದುರೆ ಸವಾರಿಗೆ ನಾನು ಕೊಟ್ಟದ್ದು ಮೂರು ಸಾವಿರದ ಆರುನೂರು ರೂಪಾಯಿ. ಅಲ್ಲಿ ಬೇರೆಯವರೆಲ್ಲ ಕೊಡುತ್ತಿದ್ದದ್ದು ಅದರ ಎರಡರಷ್ಟು. ಅರ್ಧ ಬೆಲೆಗೆ ಹೇಗೆ ಇಳಿಸಿದೆ ಎಂದು ಹೇಳುವ ಮೊದಲು, ಅರ್ಧ ಬೆಲೆಗೆ ಏನು ಸಿಗುತ್ತದೆ ಎಂದು ಹೇಳಿಬಿಡುತ್ತೇನೆ. ನಡೆ ಎಂದರೆ ನಿಲ್ಲುವ, ನಿಲ್ಲು ಎಂದರೆ ಹುಲ್ಲಿಗೆ ಬಾಯಿ ಹಾಕುವ, ಹಿಮ್ಮಡಿಯಿಂದ ತಿವಿದರೆ ನೊಣ ಕೂತಂತೆ ಬಾಲ ಬೀಸಿ ಸುಮ್ಮನಾಗುವ ಒಂದು ಮುದಿ ಬಿಳಿ ಕುದುರೆ ಸಿಗುತ್ತದೆ.

ಸವಾರಿ ನನಗಲ್ಲ, ಅಕ್ಕನಿಗೆ. ಅವಳಿಗೆ ಅರವತ್ತೊಂದು ವರ್ಷ. ಎರಡೂ ಮಂಡಿ ಸವೆದು ಹೋಗಿ, ಬದಲಾಯಿಸುವ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅದಕ್ಕೆ ಇನ್ನು ಏಳು ವಾರ ಇರುವಾಗ ಹೆಗ್ಗನಹಳ್ಳಿಯ ಅವಳ ಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆ. "ಆಪರೇಷನ್ ಮುಂಚೆ ಏನಾದ್ರೂ ಆಸೆ ಇದ್ರೆ ಹೇಳಕ್ಕ, ತಿರುಪತಿನೋ ಧರ್ಮಸ್ಥಳಾನೋ, ಕಾರು ಮಾಡ್ಕೊಂಡು ಹೋಗಿ ಬರೋಣ" ಅಂದೆ. ಅವಳು ಲೋಟ ಕೆಳಗಿಟ್ಟು ಯೋಚನೆ ಕೂಡ ಮಾಡದೆ ಹೇಳಿದಳು:

"ಕುದುರೆ ಮೇಲೆ ಕೂರ್ಬೇಕು ಕಣೋ. ಯಾರೂ ಹಿಡ್ಕೊಳ್ದೆ ಒಂದೇ ಒಂದು ಸುತ್ತು."

ನಾನು ನಗಲಿಲ್ಲ. ನಗುವ ಹಕ್ಕು ನನಗಿರಲಿಲ್ಲ.

ನಮ್ಮಪ್ಪ ಜಟಕಾ ಹೊಡೆಯುತ್ತಿದ್ದವರು. ಮಾಗಡಿ ರೋಡಿನ ಟೋಲ್‌ಗೇಟ್ ಹತ್ತಿರದ ಒಂದು ವಠಾರದಲ್ಲಿ ನಾವಿದ್ದೆವು, ಹಿತ್ತಲಲ್ಲಿ ಕುದುರೆ. ಆಯುಧಪೂಜೆಯ ದಿನ ಗಾಡಿ ತೊಳೆದು, ಚಕ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ಕುದುರೆಗೆ ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದ ಮೇಲೆ ಮನೆಯ ಗಂಡುಮಗುವನ್ನು ಕುದುರೆ ಮೇಲೆ ಕೂರಿಸಿ ಬೀದಿಯಲ್ಲಿ ಒಂದು ಸುತ್ತು ತರುವುದು ನಮ್ಮ ಮನೆಯ ವಾಡಿಕೆ. ಜೀನು ಇರಲಿಲ್ಲ, ನಾಲ್ಕು ಮಡಿಕೆಯ ಗೋಣಿಚೀಲ. ಅಪ್ಪ ಮುಂದೆ ಲಗಾಮು ಹಿಡಿದು ನಡೆಯುತ್ತಿದ್ದರು. ಪಕ್ಕದಲ್ಲಿ ಅಕ್ಕ, ನನ್ನ ಕಾಲನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದು, ಬೀಳದಂತೆ. ಪ್ರತಿವರ್ಷವೂ ನಾನು ಮೇಲೆ, ಅವಳು ಕೆಳಗೆ. ಅವಳನ್ನು ಒಮ್ಮೆ ಕೂರಿಸಿ ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ಆಟೋಗಳು ಹೆಚ್ಚಾದವು, ಕುದುರೆ ಮಾರಿಹೋಯಿತು, ಹದಿಮೂರನೇ ವಯಸ್ಸಿಗೆ ಅಕ್ಕ ಊದುಬತ್ತಿ ಹೊಸೆಯಲು ಕೂತಳು. ಅವಳ ಕಪ್ಪು ಅಂಗೈಗಳಿಂದ ನಾನು ಹತ್ತನೇ ಕ್ಲಾಸು ಮುಗಿಸಿದೆ.

ಹಾಗಾಗಿ ಕೆಂಗೇರಿಯ ಆಚೆ, ತೆಂಗಿನ ತೋಟವೊಂದರಲ್ಲಿ ಕುದುರೆ ಸವಾರಿ ಕಲಿಸುತ್ತಾರೆಂದು ಗೊತ್ತಾದ ದಿನವೇ ಹೊರಟೆ. ಅದಕ್ಕೂ ಮೊದಲು ಡಾಕ್ಟರನ್ನು ಕೇಳಿದೆ. "ನಿಧಾನಕ್ಕೆ ನಡೆಯೋ ಕುದುರೆ ಆದ್ರೆ ಈಗ ಕೂತ್ಕೊಳ್ಲಿ. ಆಪರೇಷನ್ ಆದ್ಮೇಲೆ ಮಾತ್ರ ಕುದುರೆ ಹೆಸರು ಎತ್ತಬೇಡಿ" ಅಂದರು. ಅಂದರೆ ಈಗ ಬಿಟ್ಟರೆ ಇನ್ನಿಲ್ಲ.

ಕಲಿಸುವವಳು ಇಪ್ಪತ್ತೈದರ ಆಸುಪಾಸಿನ ಹುಡುಗಿ. ಮೊಳಕಾಲುದ್ದ ಬೂಟು, ಬಿಗಿಯಾಗಿ ಕಟ್ಟಿದ ಜುಟ್ಟು, ಮುಖದಲ್ಲಿ ವ್ಯಾಪಾರಕ್ಕೆ ಬಗ್ಗದ ಕಳೆ.

"ರೇಟ್ ಫಿಕ್ಸೆಡ್ ಅಂಕಲ್."

"ಅಮ್ಮಾ, ಫಿಕ್ಸೆಡ್ ಅನ್ನೋ ಬೋರ್ಡು ನಮ್ಮಂಗ್ಡೀಲೂ ಇದೆ. ಅದನ್ನ ನೇತ್ಹಾಕಿರೋನು ನಾನೇ."

ಗೋವಿಂದರಾಜನಗರದಲ್ಲಿ ನನ್ನದು ಸೋಫಾ ಬಟ್ಟೆ, ಪರದೆ, ಫೋಮಿನ ಅಂಗಡಿ. ಹೆಗಲ ಮೇಲೆ ಬೆಡ್‌ಶೀಟು ಹೊತ್ತು ಮನೆಮನೆ ತಿರುಗಿದವನು ನಾನು. ಯಾವ ಅಂಗಡಿಗೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಮೂಲೆಯಲ್ಲಿ ಬಿದ್ದ ತುಂಡು ಬಟ್ಟೆಯನ್ನು. ಯಾರೂ ಕೇಳದ ಮಾಲಿಗೆ ಮಾಲೀಕನೇ ಬೆಲೆ ಇಳಿಸುತ್ತಾನೆ. ಆ ತೋಟದ ಮೂಲೆಯಲ್ಲಿ ಬಿಳಿ ಕುದುರೆ ನಿಂತಿತ್ತು. ಒಂದು ಗಂಟೆಯಿಂದ ಯಾರೂ ಅದನ್ನು ಹತ್ತಿರಲಿಲ್ಲ.

"ಅದ್ಯಾಕಮ್ಮ ಸುಮ್ನೆ ನಿಂತಿದೆ?"

"ಅದು ಬಂದು ಎರಡು ತಿಂಗಳಾಯ್ತಷ್ಟೆ ಅಂಕಲ್. ಸಾಧು. ಕಚ್ಚಲ್ಲ, ಒದೆಯಲ್ಲ. ಆದ್ರೆ ಹೇಳಿದ್ದು ಕೇಳಲ್ಲ."

"ನಮ್ಮಕ್ಕ ಏನು ರೇಸಿಗೆ ಹೋಗ್ಬೇಕಾ? ಸಾಧು ಇದ್ರೆ ಸಾಕು. ಹೇಳಿದ್ದು ಕೇಳದೆ ಇರೋದಕ್ಕೆ ಪೂರ್ತಿ ದುಡ್ಡು ಯಾಕೆ? ಅರ್ಧ ರೇಟು."

ಅವಳು ಕುದುರೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಇದು ತರಕಾರಿ ಅಲ್ಲ ಅಂಕಲ್" ಎಂದಳು. ಆದರೂ ಒಪ್ಪಿದಳು. ನಾನು ಗೆದ್ದೆ ಎಂದುಕೊಂಡು ಬಂದೆ. ಹಳೇ ಹೊಲಿಗೆ ಮೆಷಿನ್ ಕೊಳ್ಳುವಾಗಲೂ, ಹಳೇ ವ್ಯಾನು ಕೊಳ್ಳುವಾಗಲೂ ನಾನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ಇದು ಮೊದಲು ಎಲ್ಲಿ, ಏನು ಕೆಲಸ ಮಾಡುತ್ತಿತ್ತು? ಬೆಲೆ ಇಳಿದ ಖುಷಿಯಲ್ಲಿ ಅದೊಂದನ್ನು ಕೇಳಲು ಮರೆತೆ.

ಮಾಲು ಪರೀಕ್ಷೆ ಮಾಡದೆ ನಾನು ಯಾರಿಗೂ ಕೊಡುವವನಲ್ಲ. ಮೊದಲ ಭಾನುವಾರ ಅಕ್ಕನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ ಮೊದಲು ನಾನೇ ಹತ್ತಿದೆ. ಕುದುರೆ ಹತ್ತು ಹೆಜ್ಜೆ ನಡೆಯಿತು, ನಿಂತಿತು. ಹಿಮ್ಮಡಿಯಿಂದ ತಟ್ಟಿದೆ. ಇಲ್ಲ. ಜೋರಾಗಿ ತಿವಿದೆ. ಇಲ್ಲ. ಆಗ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪು: ಮಂಡಿಯಿಂದ ಜೀನನ್ನು ಅಮುಕಿ ಹಿಡಿದು, ಮುಂದಕ್ಕೆ ಬಾಗಿ, ದಬದಬ ಒದೆಯತೊಡಗಿದೆ. ಒದ್ದಷ್ಟೂ ನನ್ನ ಹಿಮ್ಮಡಿ ಮೇಲೇರಿತು, ಹಿಮ್ಮಡಿ ಏರಿದಷ್ಟೂ ನನ್ನ ಕುಂಡಿ ಜೀನಿನಿಂದ ಮೇಲೆದ್ದಿತು. ಕುದುರೆಗೆ ಬೇಜಾರಾಯಿತೋ ಏನೋ, ಹುಲ್ಲಿಗೆಂದು ಒಮ್ಮೆಲೇ ತಲೆ ತಗ್ಗಿಸಿತು. ನಾನು ಬಿಗಿಯಾಗಿ ಹಿಡಿದಿದ್ದ ಲಗಾಮು ನನ್ನನ್ನೂ ಎಳೆದುಕೊಂಡಿತು. ಕುತ್ತಿಗೆಯ ಮೇಲೆ ಜಾರುಬಂಡೆಯಲ್ಲಿ ಜಾರುವ ಹಾಗೆ ಜಾರಿ, ಅದು ಮೇಯುತ್ತಿದ್ದ ಹುಲ್ಲಿನ ಪಕ್ಕದಲ್ಲೇ ಬಿದ್ದೆ. ಅದು ಅಗಿಯುವುದನ್ನು ನಿಲ್ಲಿಸಲಿಲ್ಲ.

ಅಕ್ಕ ಬಿದ್ದೂ ಬಿದ್ದೂ ನಕ್ಕಳು. "ಅಪ್ಪ ಇದ್ದಿದ್ರೆ ನಿಂಗೆ ಚಾಟಿ ತಗೊಳೋರು. ಕುದುರೆಗಲ್ಲ, ನಿಂಗೆ."

ನನಗೆ ನಗು ಬರಲಿಲ್ಲ. ನಾನು ಬಿದ್ದರೆ ಮೈಕೈ ನೋವು. ಅವಳು ಬಿದ್ದರೆ ಸೊಂಟ. ಸೊಂಟ ಮುರಿದರೆ ಮಂಡಿಯ ಆಪರೇಷನ್ ಎಲ್ಲಿಯದು? ಅವಳಿಗೆ ಕೊಡಹೊರಟ ಉಡುಗೊರೆ ಅವಳನ್ನೇ ಮಲಗಿಸಿಬಿಟ್ಟರೆ? "ಬೇಡ ಕಣಕ್ಕ, ದುಡ್ಡು ಹೋದ್ರೆ ಹೋಯ್ತು" ಅಂದೆ. ಜನ್ಮದಲ್ಲಿ ಮೊದಲ ಸಲ ಆ ಮಾತು ಆಡಿದ್ದು. ಅವಳು ಕಿವಿಗೆ ಹಾಕಿಕೊಳ್ಳದೆ, ಸೊಸೆಯಿಂದ ಕಡ ತಂದ ಪ್ಯಾಂಟನ್ನು ಕುರ್ತಾದ ಕೆಳಗೆ ಎಳೆದುಕೊಳ್ಳುತ್ತಾ, ಕುದುರೆ ಹತ್ತಲು ಇಟ್ಟಿದ್ದ ಮೆಟ್ಟಿಲ ಹಲಗೆಯ ಕಡೆ ನಡೆದಳು. ನಲವತ್ತು ವರ್ಷ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. "ಯಾರ್ ನೋಡ್ತಾರೆ ಬಿಡು, ಕುದುರೆಗೆ ಕಣ್ಣು ಪಕ್ಕದಲ್ಲಿರುತ್ತೆ, ಬೆನ್ನ ಮೇಲಲ್ಲ" ಅಂದಳು.

ಅಂದು ಹುಡುಗಿ ಅಕ್ಕನಿಗೆ ಹಿಡಿಯಲೆಂದು ಕುದುರೆಯ ಕೊರಳಿಗೆ ಒಂದು ಪಟ್ಟಿ ಕಟ್ಟಿ, ಅದರ ಎಡಭುಜದ ಹತ್ತಿರ ಹಗ್ಗ ಹಿಡಿದು ನಡೆದಳು. ನಾನು ಬಲಗಡೆ ಅಕ್ಕನ ಕಾಲು ಹಿಡಿದು ನಡೆದೆ. ಹಗ್ಗ ಬಿಚ್ಚಬೇಕಾದರೆ ಒಂದು ಷರತ್ತು ಎಂದು ಹುಡುಗಿ ಹೇಳಿದಳು: "ಆಂಟಿ ಹೇಳಿದ್ರೆ ಅದು ಹೊರಡ್ಬೇಕು, ಹೇಳಿದ್ರೆ ನಿಲ್ಬೇಕು. ಜೊತೆಗೆ ಅದು ಏನೇ ಮಾಡಿದ್ರೂ ಆಂಟಿ ಮೇಲೇ ಇರ್ಬೇಕು."

ಮೊದಲನೆಯದು ಕುದುರೆಯ ಕೈಲಿತ್ತು. ಎರಡನೆಯದಕ್ಕೆ ನನ್ನ ಅಂಗಡಿಯಲ್ಲಿ ಸಾಮಾನಿತ್ತು. ಗೋಡೌನಿನಲ್ಲಿ ಎರಡು ಸ್ಟೂಲುಗಳ ಮೇಲೆ ಒಂದು ಗಟ್ಟಿ ಫೋಮಿನ ಉರುಳೆಯನ್ನು ಅಡ್ಡಡ್ಡ ಮಲಗಿಸಿ, ಸ್ವಲ್ಪ ಅಲುಗಾಡುವಷ್ಟು ಸಡಿಲವಾಗಿ ಹಗ್ಗ ಬಿಗಿದೆ. ಕೆಳಗೆ ಸುತ್ತಲೂ ಹಾಸಿಗೆ. ಸಂಜೆ ಅಂಗಡಿ ಖಾಲಿ ಇದ್ದಾಗ ಅಕ್ಕ ಬಂದು ಅದರ ಮೇಲೆ ಕೂರುವಳು; ನಾನು ಹಿಂದಿನಿಂದ ಹೇಳದೆ ಕೇಳದೆ ಉರುಳೆಯನ್ನು ತಳ್ಳುವೆ. ಪರದೆ ಬಟ್ಟೆ ಕೇಳಲು ಬಂದ ಗಿರಾಕಿಯೊಬ್ಬರು ಇದನ್ನು ನೋಡಿ, "ಯಾವ ಥೆರಪಿ ಸಾರ್ ಇದು, ಎಷ್ಟು ತಗೋತೀರಾ?" ಎಂದು ಕೇಳಿದ್ದೂ ಉಂಟು.

ಅಲ್ಲಿ ನಾವಿಬ್ಬರೂ ಒಂದು ವಿಷಯ ಕಲಿತೆವು. ಹೆದರಿ ಮಂಡಿ ಬಿಗಿ ಹಿಡಿದಾಗಲೆಲ್ಲ ಅಕ್ಕ ಒದ್ದೆ ಸೋಪಿನ ಹಾಗೆ ಮೇಲಕ್ಕೆ ಚಿಮ್ಮುತ್ತಿದ್ದಳು. ಉಸಿರು ಬಿಟ್ಟು, ಕಾಲು ಭಾರವಾಗಿ ಇಳಿಬಿಟ್ಟು, ಹಿಟ್ಟಿನ ಮೂಟೆ ನೆಲಕ್ಕೆ ಕೂತಂತೆ ಕೂತಾಗ, ನಾನು ಎಷ್ಟು ತಳ್ಳಿದರೂ ಅವಳು ಉರುಳೆಯ ಜೊತೆಗೇ ಹೋಗಿ ಜೊತೆಗೇ ಬರುತ್ತಿದ್ದಳು. "ಹಿಡ್ಕೊಂಡ್ರೆ ಬೀಳ್ತೀನಿ, ಬಿಟ್ರೆ ಕೂರ್ತೀನಿ. ಎಂಥಾ ವಿಚಿತ್ರ ನೋಡು" ಎನ್ನುತ್ತಿದ್ದಳು. ಭಾನುವಾರ ವಿಜಯನಗರದಿಂದ ಕೆಂಗೇರಿಗೆ ಮೆಟ್ರೋದಲ್ಲಿ ಹೋಗುವಾಗಲೂ ಅವಳದು ಅದೇ ಅಭ್ಯಾಸ. ರೈಲು ಬ್ರೇಕು ಹಾಕಿದಾಗ ಕಂಬಿ ಹಿಡಿಯದೆ, ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು, ನನ್ನ ಕಡೆ ತಿರುಗಿ ಹುಬ್ಬು ಹಾರಿಸುವಳು.

ಆದರೆ ಕುದುರೆ ಮಾತ್ರ ಮೂರನೇ ಭಾನುವಾರವೂ ಹತ್ತು ಹೆಜ್ಜೆಗೆ ನಿಲ್ಲುತ್ತಿತ್ತು. ಹುಡುಗಿ ಮುಂದೆ ನಡೆದರೆ ನಡೆಯುವುದು, ಅವಳು ಸರಿದರೆ ಕಂಬ. ಅಕ್ಕ ಒದೆಯಲಿಲ್ಲ, ಎಳೆಯಲಿಲ್ಲ. ಮೇಲೆ ಕೂತು ಅದರ ಕಿವಿಗಳನ್ನೇ ನೋಡುತ್ತಿದ್ದಳು.

"ಇದು ಮೊಂಡು ಅಲ್ಲ ಕಣಮ್ಮ," ಎಂದಳು ಕೊನೆಗೆ ಹುಡುಗಿಗೆ. "ಯಾರಿಗೋ ಕಾಯ್ತಾ ಇದೆ. ನಿಂತಾಗ್ಲೆಲ್ಲ ಮುಂದೇನೇ ನೋಡುತ್ತೆ. ಇದು ಮೊದ್ಲು ಎಲ್ಲಿತ್ತು?"

ನಾನು ಕೇಳಬೇಕಿದ್ದ ಪ್ರಶ್ನೆ.

"ಮದ್ವೆ ಮೆರವಣಿಗೇಲಿ ಆಂಟಿ. ಗಂಡನ್ನ ಕೂರಿಸ್ಕೊಂಡು ಬರ್ತಾರಲ್ಲ, ಅದಕ್ಕೆ ಬಾಡಿಗೆಗೆ ಬಿಡ್ತಿದ್ರು."

ಅಕ್ಕ ನಗಲು ಶುರುಮಾಡಿದವಳು, ನಕ್ಕೂ ನಕ್ಕೂ ಬೀಳದಂತೆ ಕುದುರೆಯ ಜೂಲು ಹಿಡಿದುಕೊಂಡಳು. "ಅಯ್ಯೋ ನನ್ನಪ್ಪ! ಮುಂದೆ ಕುಣಿಯೋರು ಮುಗಿಸ್ಲಿ ಅಂತ ಕಾಯ್ತಾ ಇದೆ ಕಣ್ರೋ!"

ಆಗ ಎಲ್ಲವೂ ತಿಳಿಯಾಯಿತು. ಹತ್ತು ಹೆಜ್ಜೆ ನಡೆ, ಹುಡುಗರು ಕುಣಿಯುವ ತನಕ ನಿಲ್ಲು, ಮತ್ತೆ ಹತ್ತು ಹೆಜ್ಜೆ: ಅದು ಜೀವಮಾನವಿಡೀ ಮಾಡಿದ ಕೆಲಸ. ಅದರ ಬೆನ್ನ ಮೇಲೆ ಕೂರುತ್ತಿದ್ದ ಗಂಡುಗಳು ಯಾರೂ ಅದಕ್ಕೆ ಏನೂ ಹೇಳಿದವರಲ್ಲ. ಪೇಟ ಸರಿಮಾಡಿಕೊಳ್ಳುವುದೇ ಅವರಿಗೆ ಸಾಕಾಗಿರುತ್ತಿತ್ತು. ಮೇಲೆ ಕೂತವರ ಕಾಲಿಗೂ ತನಗೂ ಸಂಬಂಧವಿದೆ ಎಂಬುದೇ ಅದಕ್ಕೆ ಗೊತ್ತಿರಲಿಲ್ಲ.

ಅಕ್ಕ ಲಗಾಮನ್ನು ಒಂದು ಕೈಗೆ ತೆಗೆದುಕೊಂಡು, ಇನ್ನೊಂದು ಕೈಯಿಂದ ಜೀನಿನ ಮುಂಭಾಗವನ್ನು ತಮಟೆಯಂತೆ ತಟ್ಟಿದಳು. ಟಕಟ ಟಕ, ಟಕಟ ಟಕ. ಕುದುರೆಯ ಕಿವಿ ಹಿಂದಕ್ಕೆ ತಿರುಗಿತು. ನಾಲಿಗೆ ಮಡಿಸಿ ಅಪ್ಪನ ಹಾಗೆ "ಚ್ಚ, ಚ್ಚ" ಎಂದು, ಕಾಲಿನಿಂದ ಮೆತ್ತಗೆ ಒತ್ತಿದಳು. ಅದು ನಡೆಯಿತು. ಮುಂದೆ ಯಾರೂ ಇರಲಿಲ್ಲ, ಆದರೂ ನಡೆಯಿತು. ಹುಡುಗಿ ನನ್ನ ಕಡೆ ತಿರುಗಿ, "ಅಂಕಲ್, ಎರಡು ತಿಂಗಳಿಂದ ನಾನೂ, ಈಗ ನೀವೂ ಒದ್ದಿದ್ದೇ ಒದ್ದಿದ್ದು" ಎಂದಳು. ನಾನು ಒದ್ದದ್ದು ಒಂದೇ ದಿನ ಎಂದು ತಿದ್ದಲು ಹೋಗಲಿಲ್ಲ.

ನಾಲ್ಕು, ಐದನೇ ಭಾನುವಾರಗಳಲ್ಲಿ ಆ ತಾಳ ಮೆಲ್ಲಗಾಗುತ್ತಾ ಬಂದು, ಕಾಲಿನ ಒತ್ತು ಮಾತ್ರ ಸಾಕೆನ್ನುವಷ್ಟಾಯಿತು. ಹಗ್ಗ ಉದ್ದವಾಯಿತು. ನಾನು ಮಾತ್ರ ಅಕ್ಕನ ಕಾಲು ಬಿಡಲಿಲ್ಲ. "ಬಿಡೋ" ಎಂದರೆ "ಇನ್ನೊಂದು ಸುತ್ತು" ಎನ್ನುವೆ. ಅವಳ ಒಂದೇ ಒಂದು ಆಸೆಗೆ ನಾನೇ ಅಡ್ಡ ನಿಂತಿದ್ದೇನೆ ಎಂದು ಗೊತ್ತಿತ್ತು. ಗೊತ್ತಿದ್ದೂ ಬಿಡಲು ಕೈ ಬರುತ್ತಿರಲಿಲ್ಲ.

ಆರನೇ ಭಾನುವಾರ ಕೊನೆಯದು. ಬುಧವಾರ ಆಪರೇಷನ್. ಹುಡುಗಿ ಹಗ್ಗ ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. ಅಕ್ಕನ ಒತ್ತಾಯಕ್ಕೆ ನಾನೂ ನಾಲ್ಕು ಹೆಜ್ಜೆ ಹಿಂದೆ ಸರಿದೆ. ಅವಳು ಮೈದಾನದ ಅರ್ಧ ಸುತ್ತು ಹೋಗಿದ್ದಳು. ಅಷ್ಟರಲ್ಲಿ ಕಾಂಪೌಂಡ್ ಗೋಡೆಯ ಆಚೆಯ ಕಲ್ಯಾಣಮಂಟಪದಲ್ಲಿ ಬ್ಯಾಂಡ್‌ಸೆಟ್ಟು ಶುರುವಾಯಿತು. ಜೊತೆಗೆ ತಮಟೆ.

ಕುದುರೆ ತಲೆಯೆತ್ತಿತು. ಅಷ್ಟು ದಿನ ಜೋಲಾಡುತ್ತಿದ್ದ ಮುದಿಪ್ರಾಣಿ ಕುತ್ತಿಗೆ ಬಿಲ್ಲಿನಂತೆ ಬಾಗಿಸಿ, ಮುಂಗಾಲುಗಳನ್ನು ಒಂದಾದ ಮೇಲೊಂದು ಎತ್ತಿ ನಿಂತಲ್ಲೇ ಕುಣಿಯತೊಡಗಿತು. ಅದಕ್ಕೆ ಅದನ್ನೂ ಕಲಿಸಿದ್ದರೆಂದು ಯಾರಿಗೆ ಗೊತ್ತಿತ್ತು? ಹಿಂಭಾಗ ಅತ್ತಿತ್ತ ತೂಗುತ್ತಿತ್ತು. ಮೇಲೆ ನನ್ನ ಅಕ್ಕ.

"ಆಂಟಿ, ಲಗಾಮು ಜಗ್ಗಬೇಡಿ! ಕೊರಳ ಪಟ್ಟಿ ಹಿಡ್ಕೊಳಿ!" ಹುಡುಗಿ ಓಡದೆ, ಕುದುರೆ ಬೆದರದಂತೆ ಬೇಗಬೇಗ ನಡೆದು ಬಂದಳು. ನಾನು ಓಡಿದೆ. ಓಡಿ ಅಕ್ಕನ ಕಾಲನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದೆ. ಕುದುರೆ ಎಡಕ್ಕೆ ತೂಗಿತು, ನಾನು ಬಲಕ್ಕೆ ಜಗ್ಗಿದೆ. ಅಕ್ಕ ವಾಲಿದಳು. ಅವಳ ಹೆಲ್ಮೆಟ್ಟಿನ ಕೆಳಗಿನ ಮುಖ ನನ್ನ ಮುಖದ ಹತ್ತಿರಕ್ಕೆ ಬಂತು.

"ಬಿಡೋ," ಎಂದಳು. ಕಿರುಚಲಿಲ್ಲ. "ಕುದುರೆ ಬೀಳಿಸ್ತಿಲ್ಲ, ನೀನು ಎಳೀತಾ ಇದೀಯ."

ಬಿಟ್ಟೆ. ಎರಡೂ ಕೈ ಗಾಳಿಯಲ್ಲಿ ಹಾಗೇ ಉಳಿದವು.

ಅವಳು ಒಮ್ಮೆ ಉದ್ದಕ್ಕೆ ಉಸಿರು ಬಿಟ್ಟಳು. ಮೈ ನೇರವಾಯಿತು. ಕಾಲು ಉದ್ದವಾಯಿತು, ಹಿಮ್ಮಡಿ ಕೆಳಗಿಳಿಯಿತು. ಒಂದು ಕೈ ಕೊರಳ ಪಟ್ಟಿಯಲ್ಲಿ. ಫೋಮಿನ ಉರುಳೆಯ ಮೇಲೆ ಕೂತಂತೆ ಕೂತು, ಕುದುರೆ ತೂಗಿದ ಕಡೆ ಸೊಂಟವನ್ನು ಮಾತ್ರ ಹೋಗಗೊಟ್ಟು, ತಾನು ಮಾತ್ರ ದೂರದ ತೆಂಗಿನ ಮರದ ತುದಿಯನ್ನು ನೋಡುತ್ತಾ ಇದ್ದಳು. ಬ್ಯಾಂಡಿನವರು ಹಾಡು ಮುಗಿಸುವ ತನಕ ಕುದುರೆ ಕುಣಿಯಿತು. ಬ್ಯಾಂಡು ನಿಂತಾಗ ಅದೂ ನಿಂತಿತು. ಅಕ್ಕ ಅದರ ಕುತ್ತಿಗೆ ಸವರಿ, "ಆಯ್ತಾ? ಮದ್ವೆ ಆಯ್ತಪ್ಪ. ಹೊರಡು ಮನೆಗೆ" ಎಂದು, "ಚ್ಚ, ಚ್ಚ" ಎಂದಳು.

ಉಳಿದ ಅರ್ಧ ಸುತ್ತನ್ನು ಅದು ಎಲ್ಲೂ ನಿಲ್ಲದೆ ನಡೆಯಿತು. ಯಾರೂ ಹಿಡಿದಿರಲಿಲ್ಲ. ನನ್ನನ್ನು ದಾಟಿ ಹೋಗುವಾಗ ಅಕ್ಕ ನನ್ನ ಕಡೆ ನೋಡಲೂ ಇಲ್ಲ. ರಾಣಿಯ ಹಾಗೆ ಎನ್ನೋಣವೆಂದರೆ, ರಾಣಿಯರು ಸೊಸೆಯ ಪ್ಯಾಂಟು ಹಾಕಿಕೊಳ್ಳುವುದಿಲ್ಲ. ಜಟಕಾದವನ ಮಗಳ ಹಾಗೆ ಹೋದಳು.

ವಾಪಸು ಮೆಟ್ರೋದಲ್ಲಿ ಅಕ್ಕನ ಪಕ್ಕ ಕೂತೆ. "ಚಿಕ್ಕಂದಿನಲ್ಲಿ ನೀನು ನನ್ನ ಕಾಲು ಬಿಡದೆ ಹಿಡ್ಕೊಂಡಿದ್ದೆ," ಎಂದೆ. "ಅದಕ್ಕೇ ನಂಗೂ ಬಿಡೋಕಾಗ್ಲಿಲ್ಲ."

ಅಕ್ಕ ಕಿಟಕಿಯಾಚೆ ನೋಡುತ್ತಾ ಹೇಳಿದಳು: "ನೀನೆಲ್ಲಿ ಬೀಳ್ತಿದ್ಯೋ, ಅಪ್ಪ ಇದ್ರಲ್ಲ. ಕಾಲು ಹಿಡ್ಕೊಂಡಿದ್ರೆ ನಂಗೂ ಕುದುರೆ ಪಕ್ಕ ನಡೆಯೋಕೆ ಬಿಡೋರು. ಅದಕ್ಕೆ ಹಿಡ್ಕೋತಿದ್ದೆ."

ಐವತ್ತು ವರ್ಷ ಅದನ್ನು ನಾನು ನನ್ನ ಮೇಲಿನ ಕಾಳಜಿ ಎಂದುಕೊಂಡಿದ್ದೆ. ಕಾಳಜಿಯೂ ಇತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವಳ ಪಾಲಿನ ಸುತ್ತೂ ಅದೇ ಆಗಿತ್ತು.

ಈಗ ಅವಳ ಎರಡೂ ಮಂಡಿ ಹೊಸವು. ಮನೆಯೊಳಗೆ ವಾಕರ್ ಬಿಟ್ಟು ನಡೆಯಲು ಶುರುಮಾಡಿದ ದಿನ ನಾನು ಪಕ್ಕದಲ್ಲೇ ಇದ್ದೆ, ಕೈ ಹಿಂದಕ್ಕೆ ಕಟ್ಟಿಕೊಂಡು.

ನೀವೂ ಯಾರನ್ನಾದರೂ ಕುದುರೆ ಹತ್ತಿಸುವುದಾದರೆ, ಅಥವಾ ನೀವೇ ಹತ್ತುವುದಾದರೆ, ನನ್ನ ಖರ್ಚಿನಲ್ಲಿ ಕಲಿತದ್ದನ್ನು ಪುಕ್ಕಟೆ ಕೊಡುತ್ತೇನೆ, ತಗೊಳ್ಳಿ. ಚೌಕಾಸಿ ಮಾಡಿ, ಬೇಡವೆನ್ನುವುದಿಲ್ಲ. ಆದರೆ ಕುದುರೆಯ ಮೇಲಲ್ಲ, ಸಮಯದ ಮೇಲೆ. ಜನ ಕಡಿಮೆ ಇರುವ ಹೊತ್ತಿಗೆ ಬರುತ್ತೇನೆ ಎಂದರೆ ಯಾರಾದರೂ ಬಿಡುತ್ತಾರೆ. ದುಡ್ಡು ಕೊಡುವ ಮೊದಲು ಕುದುರೆ ಹಿಂದೆ ಯಾವ ಕೆಲಸದಲ್ಲಿತ್ತು ಎಂದು ಕೇಳಿ, ಬೇರೆ ಯಾರಾದರೂ ಅದರ ಮೇಲೆ ಕೂತಿದ್ದನ್ನು ಕಣ್ಣಾರೆ ನೋಡಿ. ಹಿಮ್ಮಡಿ ಇರುವ ಬೂಟು ಹಾಕಿ, ಚಪ್ಪಲಿ ಬೇಡ. ತಲೆ ಆಡಿಸಿದರೆ ಅಲುಗದ ಹೆಲ್ಮೆಟ್ಟು ಹಾಕಿ. ಕುದುರೆಯ ಕೊರಳಿಗೆ ಹಿಡಿಯಲು ಒಂದು ಪಟ್ಟಿ ಕಟ್ಟಿಸಿ. ಮಾತು ಕೇಳದ ಕುದುರೆಗೆ ಒಮ್ಮೆ ಮೆತ್ತಗೆ ಹೇಳಿ, ಇನ್ನೊಮ್ಮೆ ಗಟ್ಟಿಯಾಗಿ ಹೇಳಿ, ಆಮೇಲೆ ಹೇಳುವುದನ್ನು ನಿಲ್ಲಿಸಿ. ಒದೆಯುತ್ತಾ ಹೋದರೆ ಕುದುರೆ ಅಲುಗುವ ಮೊದಲು ನೀವು ಅಲುಗುತ್ತೀರಿ. ಅದು ಮೇಯಲು ತಲೆ ತಗ್ಗಿಸಿದರೆ ಬೆರಳು ಸಡಿಲಿಸಿ ಲಗಾಮು ಜಾರಲು ಬಿಡಿ, ಭುಜ ಹಿಂದಕ್ಕೆ ತನ್ನಿ. ಏನೇ ಆದರೂ ಉಸಿರು ಬಿಡಿ, ಕಾಲು ಇಳಿಬಿಡಿ, ಕಣ್ಣು ದೂರ ಇಡಿ.

ಮತ್ತೆ, ಪಕ್ಕದಲ್ಲಿ ಕಾಲು ಹಿಡಿದು ನಡೆಯುವವರು ನೀವಾದರೆ, ಮೂರನೇ ವಾರಕ್ಕೇ ಬಿಟ್ಟುಬಿಡಿ. ಆರನೇ ವಾರದ ತನಕ ಕಾಯಬೇಡಿ.